ಹಂಪಮ್ಮನ ನೆಲ, ನನ್ನ ಶೆಲ್ಫು

ರಾಯದುರ್ಗದಲ್ಲಿ ನಾವು ಬಾಡಿಗೆ ಹಿಡಿದ ಬೀದಿಗೆ ಬಂದ ದಿನ ನನಗೆ ಮೊದಲು ಕಂಡದ್ದು ಕಾಲುಗಳು. ಜಗಲಿಗೊಂದು ರಾಶಿ, ಎಲ್ಲವೂ ನೀಲಿ. ಮೇಲೆ ಮೈಯಿಲ್ಲ, ಕೆಳಗೆ ಪಾದವಿಲ್ಲ. ಹೆಂಗಸರು ಒಂದೊಂದನ್ನೇ ತೊಡೆಯ ಮೇಲೆ ಎಳೆದುಕೊಂಡು, ಹೇನು ನೋಡುವವರ ಹಾಗೆ ತಲೆ ಬಗ್ಗಿಸಿ, ಸಣ್ಣ ಕತ್ತರಿಯಲ್ಲಿ ಏನನ್ನೋ ಕಚಕ್ ಕಚಕ್ ಎಂದು ತೆಗೆದು ಹಾಕುತ್ತಿದ್ದರು. ಬಿಸಿಲಿಗೆ ಕಣ್ಣು ಕತ್ತಲಿಟ್ಟಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹತ್ತಿರ ಹೋದ ಮೇಲೆ ಗೊತ್ತಾಯಿತು, ಅವು ಜೀನ್ಸ್ ಪ್ಯಾಂಟುಗಳು. ಹೊಲಿಗೆ ಮುಗಿದ ಮೇಲೆ ಉಳಿಯುವ ದಾರವನ್ನು ಮನೆಮನೆಯಲ್ಲಿ ಕತ್ತರಿಸಿ ಕೊಡುವುದು ಈ ಊರಿನ ಹೆಂಗಸರ ಕೆಲಸ. ನಮ್ಮ ಕಡೆ ಜಗಲಿಯ ಮೇಲೆ ಹೆಂಗಸರು ಹಾಗೆ ತಲೆ ಬಗ್ಗಿಸಿ ಕೂತಿದ್ದಾರೆಂದರೆ ರೇಷ್ಮೆಗೂಡು ಬಿಡಿಸುತ್ತಿದ್ದಾರೆ ಎಂದೇ ಅರ್ಥ.

ನಮ್ಮ ಕಡೆ ಎಂದರೆ ಮಡಕಶಿರಾದ ಆಚೆ, ಅಗಳಿಯ ಹತ್ತಿರ. ಹಿಪ್ಪುನೇರಳೆ, ಹುಳ, ಒಂದಿಷ್ಟು ಕಡಲೆಕಾಯಿ, ಒಂದಿಷ್ಟು ರಾಗಿ. ನನ್ನ ಹೆಂಡತಿ ರತ್ನ ಅಮರಾಪುರದವಳು, ಅವಳೂ ಹುಳದ ಮನೆಯಲ್ಲೇ ಬೆಳೆದವಳು. ಮದುವೆಯಾದ ಮೇಲೆ ನರ್ಸಿಂಗ್ ಓದಿದಳು. ಬಹಳ ವರ್ಷ ಕಾದ ಮೇಲೆ ಅವಳಿಗೆ ರಾಯದುರ್ಗದ ಕಡೆ ಸರ್ಕಾರಿ ಕೆಲಸ ಬಂತು. ಹುಳದ ಮನೆಯನ್ನು ತಮ್ಮ ಜುಂಜಣ್ಣನ ಕೈಗೆ ಕೊಟ್ಟು ನಾನು ಅವಳ ಹಿಂದೆ ಹೊರಟೆ. ಒಂದೇ ಜಿಲ್ಲೆ ಎಂದುಕೊಂಡು ಬೆಳೆದವರು ನಾವು, ಈಗ ಅದು ಎರಡಾಗಿದೆ. ದಾರಿಯಲ್ಲಿ ಬಸ್ಸು ಕರ್ನಾಟಕಕ್ಕೆ ಹೋಗಿ ಪಾವಗಡದ ಮೇಲೆ ಹಾದು ಮತ್ತೆ ಆಂಧ್ರಕ್ಕೆ ಬರುತ್ತದೆ. ಇಳಿದಾಗ ಸುತ್ತ ಕನ್ನಡವೇ ಕೇಳಿಸಿತು, ಆದರೆ ಅದು ನಮ್ಮ ಕನ್ನಡವಲ್ಲ.

ನನ್ನೂರಿನವರು ನಗುವ ಮೊದಲೇ ಹೇಳಿಬಿಡುತ್ತೇನೆ, ಹೆಂಡತಿಯ ನೌಕರಿಯ ಹಿಂದೆ ಬಂದ ಗಂಡ ಎನ್ನಿಸಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ. ಈ ಸೀಮೆಯಲ್ಲಿ ಮಾವನ ಮನೆಯಲ್ಲೇ ನೆಲೆ ನಿಲ್ಲುವ ಅಳಿಯನಿಗೆ ತೆಲುಗಿನಲ್ಲಿ ಇಲ್ಲಟಂ ಎನ್ನುತ್ತಾರೆ. ಬೀದಿಯ ಕೊನೆಯ ಹೋಟೆಲಿನಲ್ಲಿ ಒಬ್ಬರು, ಚಹಾ ಊದುತ್ತಾ, ನೀವು ನೌಕರಿಗೆ ಇಲ್ಲಟಂ ಬಂದೋರೇನ್ರಿ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಮಾತಿಗೆ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಆ ಹೋಟೆಲಿಗೆ ಹೋಗುವುದನ್ನು ಬಿಟ್ಟೆ. ಊರಲ್ಲಿ ರಂಗಪ್ಪನ, ಎಂದರೆ ನನ್ನ, ಕೈಕೆಲಸಕ್ಕೆ ಹೆಸರಿತ್ತು. ಹುಳದ ತಟ್ಟೆ ಇಡುವ ಬಿದಿರಿನ ಅಟ್ಟಣಿಗೆ ಕಟ್ಟಬೇಕೆಂದರೆ ಪಕ್ಕದ ಹಳ್ಳಿಯಿಂದಲೂ ಕರೆಯುತ್ತಿದ್ದರು. ನಮ್ಮ ಹುಳದ ಮನೆಯ ನೆಲಕ್ಕೆ ಗಾರೆ ಹಾಕಿದವನೂ ನಾನೇ. ಇಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ, ಗೊತ್ತುಮಾಡಿಸಬೇಕೆಂಬ ಉರಿ ಒಳಗೊಳಗೇ ಇತ್ತು. ಮುಂದೆ ನಡೆದದ್ದಕ್ಕೆಲ್ಲ ಆ ಉರಿಯೇ ಕಾರಣ.

ನಮ್ಮ ಮನೆಯೊಡತಿ ಹಂಪಮ್ಮ. ಐವತ್ತು ದಾಟಿರಬಹುದು. ಮುಂದಿನ ಅರ್ಧದಲ್ಲಿ ಅವರು, ಹಿಂದಿನ ಅರ್ಧದಲ್ಲಿ ನಾವು. ಅವರದು ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಮನೆತನ. ಗಂಡ ಕುರಿ ಬಿಟ್ಟು ಪೇಟೆಗೆ ಬಂದು ಈ ಮನೆ ಕಟ್ಟಿಸಿದರಂತೆ. ಗೋಡೆ ಯಾರೋ ಎಬ್ಬಿಸಿದರು, ಸೂರು ಯಾರೋ ಹಾಕಿದರು, ನೆಲವನ್ನು ಮಾತ್ರ ಗಂಡ ತನ್ನ ತಮ್ಮ ಓಬಳೇಶನ ಜತೆ ಸೇರಿ ತಾನೇ ಹಾಕಿದ್ದು. ಕರಿಯ ಕಡಪ ಕಲ್ಲು. ಇಲ್ಲಿಯವರು ಅದನ್ನು ತೆಲುಗಿನ ಹಾಗೆ ಬಂಡ ಎನ್ನುತ್ತಾರೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಗೋಡೆಯ ಮೇಲೆ ಅವರ ಫೋಟೊ ಇತ್ತು, ಆದರೆ ಹಂಪಮ್ಮ ಬಂದವರಿಗೆ ತೋರಿಸುತ್ತಿದ್ದದ್ದು ನೆಲವನ್ನು. ನಮಗೂ ಮೊದಲ ದಿನವೇ ತೋರಿಸಿದರು. ಮಂಡಿಯೂರಿ ಕೂತು, ಎರಡು ಬಂಡೆಗಳ ನಡುವಿನ ಸಂದಿನ ಮೇಲೆ ಬೆರಳಾಡಿಸಿ, ಉಗುರಿಗೆ ತಾಕಂಗಿಲ್ಲ ನೋಡ್ರಿ ಎಂದರು. ನಾನು ಬಗ್ಗಿಯೂ ನೋಡದೆ ಹೂಂ ಎಂದೆ.

ಅವರ ಜತೆ ಮಾತೇ ನನಗೆ ಕಷ್ಟವಾಗಿತ್ತು. ನಮ್ಮ ಕಡೆ ಬಾರಮ್ಮ, ಕೂತ್ಕೋ, ತಿನ್ನು ಎನ್ನುವುದು ಅಕ್ಕರೆ. ಬಹುವಚನ ಹಾಕಿದರೆ ದೂರ ಮಾಡಿದ ಹಾಗೆ. ಇಲ್ಲಿ ತರಕಾರಿಯವಳಿಗೂ ಬರ್ರಿ, ಕೊಡ್ರಿ, ಹೌದ್ರಿ. ನಾನು ಬಾಯಿತುಂಬ ಬಾರಮ್ಮ ಎಂದಾಗಲೆಲ್ಲ ಹಂಪಮ್ಮ ಒಂದು ಕ್ಷಣ ತಡೆದು, ಆಮೇಲೆ ನಗುತ್ತಿದ್ದರು. ಆ ತಡೆಯುವುದು ನನಗೆ ಕಾಣುತ್ತಿತ್ತು. ಆದರೂ ನಾಲಿಗೆ ತಿರುಗುತ್ತಿರಲಿಲ್ಲ, ಅಥವಾ ನಾನು ತಿರುಗಿಸಲಿಲ್ಲ. ಊಟವೂ ಅಷ್ಟೆ. ಅವರು ಸಜ್ಜೆ ರೊಟ್ಟಿ, ಕಡಲೆಬೀಜದ ಚಟ್ನಿ ತಂದುಕೊಟ್ಟರೆ ನಾನು ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಎಂದು ರತ್ನನ ಮುಂದೆ ಗೊಣಗುತ್ತಿದ್ದೆ, ಗೊಣಗುತ್ತಲೇ ಎರಡು ರೊಟ್ಟಿ ಮುಗಿಸುತ್ತಿದ್ದೆ. ಬೆಳಗ್ಗೆ ಒಗ್ಗರಣೆ ತಿಂತೀರೇನ್ರಿ ಎಂದು ಕೇಳಿದಾಗ ಸಾಸಿವೆ ಕರಿಬೇವು ತಿನ್ನುವುದೇ ಎಂದು ಬೆಚ್ಚಿದೆ. ಅದು ನೆನೆಸಿ ಹಿಂಡಿದ ಮಂಡಕ್ಕಿಗೆ ಹುಣಸೆ, ಹುರಿಗಡಲೆ ಪುಡಿ ಹಾಕಿ ಮಾಡುವ ತಿಂಡಿ. ಈಗ ಅದಿಲ್ಲದೆ ನನ್ನ ಬೆಳಗು ಆಗುವುದಿಲ್ಲ.

ನನಗೆ ಕೆಲಸ ಕೊಡಿಸಿದವರೂ ಹಂಪಮ್ಮನೇ. ಅವರೂ ದಾರ ಕತ್ತರಿಸುತ್ತಿದ್ದರು. ಹೊಲಿಯುವ ಯೂನಿಟ್ಟಿನಿಂದ ಜಗಲಿಗಳಿಗೆ ಪ್ಯಾಂಟಿನ ಗಂಟುಗಳನ್ನು ಗಾಡಿಯ ಮೇಲೆ ಸಾಗಿಸಲು ಒಬ್ಬರು ಬೇಕಾಗಿದ್ದರು. ಹಂಪಮ್ಮ ಮೇಸ್ತ್ರಿಯ ಹತ್ತಿರ ಒಂದು ಮಾತು ಹೇಳಿದರು, ನನ್ನ ಹಳೇ ಗಾಡಿಗೆ ಕೆಲಸ ಬಂತು. ಬೆಳಗ್ಗೆ ಗಂಟು ಇಳಿಸುವುದು, ಸಂಜೆ ಎತ್ತಿಕೊಳ್ಳುವುದು. ಜಗಲಿಯಿಂದ ಜಗಲಿಗೆ ಹೋಗುವಾಗ ಗಂಟಿನ ಜತೆ ಮಾತೂ ಸಾಗುತ್ತದೆ. ಬೀದಿಯ ಆ ತುದಿಯ ಸುದ್ದಿ ಈ ತುದಿಗೆ ಮುಟ್ಟುವುದು ನನ್ನ ಗಾಡಿಯ ಮೇಲೆಯೇ.

ಇನ್ನು ಶೆಲ್ಫಿನ ವಿಷಯ. ನಮ್ಮ ಹಳ್ಳಿಯ ಮನೆಯಲ್ಲಿ ಸಾಮಾನಿಡಲು ಜಾಗ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಗೋಡೆಯಲ್ಲಿ ಗೂಡು, ಮೇಲೆ ಅಟ್ಟ, ತೊಲೆಗೆ ತೂಗುಹಾಕಿದ ಹಗ್ಗದ ನೆಲುವು. ಈ ಮನೆಯ ಹಿಂದಿನ ಅರ್ಧದಲ್ಲಿ ಗೋಡೆಗಳು ಬೋಳು. ಬಂದ ಮೇಲೆ ರಾಗಿಹಿಟ್ಟು, ಬೆಲ್ಲ, ಕಡಲೆಬೀಜ, ಉಪ್ಪಿನಕಾಯಿ ಜಾಡಿ ಎಲ್ಲವೂ ಚೀಲದಲ್ಲೇ ಇದ್ದವು. ರತ್ನ ಫೋನಿನಲ್ಲಿ ನೋಡಿ ಒಂದು ಶೆಲ್ಫು ತರಿಸಿದಳು. ಬಂದದ್ದು ಶೆಲ್ಫಲ್ಲ, ಚಪ್ಪಟೆ ಡಬ್ಬ. ಒಳಗೆ ಹಲಗೆಗಳು, ನಾಲ್ಕು ಅಗಲ ಕಾಲುಗಳು, ಪುಟ್ಟ ಚೀಲದಲ್ಲಿ ಸ್ಕ್ರೂ, ಒಂದು ಬಾಗಿದ ಕೀಲಿ, ಮಾತೇ ಇಲ್ಲದೆ ಬರೀ ಚಿತ್ರವಿರುವ ಒಂದು ಹಾಳೆ. ಹಂಪಮ್ಮ ಬಾಗಿಲಲ್ಲಿ ನಿಂತು, ನಮ್ ಓಬಳೇಶನ್ನ ಕರೀಲೇನ್ರಿ, ಅವ ಇಂಥಾವು ಜೋಡಸ್ತಾನ ಎಂದರು. ಓಬಳೇಶ ಗಾರೆ ಕೆಲಸದವನು, ಮರದ ಕೆಲಸವೂ ಅಷ್ಟಿಷ್ಟು ಬರುತ್ತಿತ್ತು. ಅಟ್ಟಣಿಗೆ ಕಟ್ಟಿದ ಕೈ ಇದು, ಯಾರೂ ಬೇಡ ಎಂದೆ. ಮಧ್ಯಾಹ್ನದ ಹೊತ್ತಿಗೆ ಶೆಲ್ಫು ಎದ್ದು ನಿಂತಿತು. ಒಂದಿಷ್ಟು ಸ್ಕ್ರೂ ಉಳಿದವು. ಕಂಪನಿಯವರು ಜಾಸ್ತಿ ಹಾಕಿರುತ್ತಾರೆ ಎಂದು ರತ್ನನಿಗೆ ಹೇಳಿ, ಬೆಂಕಿಪೊಟ್ಟಣದಲ್ಲಿ ಹಾಕಿ ಅದೇ ಶೆಲ್ಫಿನ ಮೇಲಿಟ್ಟೆ.

ಬೆಲ್ಲ ಇಟ್ಟ ಮಾರನೆಯ ದಿನವೇ ಕೆಂಪಿರುವೆ ಸಾಲುಗಟ್ಟಿತು. ಇರುವೆ ಕಂಡರೆ ನಮ್ಮ ಕಡೆಯವರ ಕೈ ತಾನಾಗಿಯೇ ನೀರಿಗೆ ಹೋಗುತ್ತದೆ. ಹುಳಕ್ಕೆ ಇರುವೆ ಹತ್ತಿದರೆ ಇಡೀ ಬೆಳೆ ಹೋದ ಹಾಗೆ. ಅದಕ್ಕೆ ಅಟ್ಟಣಿಗೆಯ ಪ್ರತಿಯೊಂದು ಕಾಲನ್ನೂ ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುತ್ತೇವೆ, ಇರುವೆ ನೀರು ದಾಟಿ ಹತ್ತುವುದಿಲ್ಲ. ಬೆಳಗ್ಗೆ ಎದ್ದು ಬಟ್ಟಲಿಗೆ ನೀರು ಹಾಕುವುದು ಮುಖ ತೊಳೆದಷ್ಟೇ ಸಹಜ. ನಾನು ನಾಲ್ಕು ಅಗಲವಾದ ಬಟ್ಟಲು ತಂದು ಶೆಲ್ಫಿನ ನಾಲ್ಕು ಕಾಲಿಗಿಟ್ಟು ನೀರು ತುಂಬಿದೆ. ರತ್ನ ನೋಡಿದಳು, ಸರಿ ಎಂದಳು. ನಾನು ಮರೆತ ದಿನ ಅವಳೇ ನೀರು ಹಾಕುತ್ತಿದ್ದಳು. ಇರುವೆ ನಿಂತವು. ಹೊಸ ಊರಲ್ಲಿ ನಾನು ಗೆದ್ದ ಮೊದಲ ಗೆಲುವು ಅದು. ಹಂಪಮ್ಮನೂ ಒಂದು ದಿನ ಆ ಬಟ್ಟಲುಗಳನ್ನು ನೋಡಿದರು, ನನ್ನ ಮುಖ ನೋಡಿದರು, ಏನೋ ಕೇಳಲು ಹೊರಟು ಸುಮ್ಮನಾದರು.

ಕೆಲವು ವಾರಗಳಲ್ಲಿ ಶೆಲ್ಫು ಅಲುಗಾಡತೊಡಗಿತು. ಮೊದಮೊದಲು ಡಬ್ಬಿ ತೆಗೆದಾಗ ಮಾತ್ರ. ಆಮೇಲೆ ಹತ್ತಿರ ನಡೆದರೂ ಜಾಡಿಗಳು ಕಿಣಿಕಿಣಿ ಎನ್ನುತ್ತಿದ್ದವು. ಕೀಲಿ ಹಾಕಿ ತಿರುಗಿಸಿದೆ, ಸ್ಕ್ರೂ ಬಿಗಿಯಾದ ಹಾಗೆ ಕಂಡಿತು, ಅಲುಗಾಟ ನಿಲ್ಲಲಿಲ್ಲ. ಹಿಂದೆ ಒಂದು ರಟ್ಟು ಸಿಕ್ಕಿಸಿದೆ. ನೈಲಾನ್ ಹಗ್ಗ ತಂದು ಕಿಟಕಿಯ ಸರಳಿಗೆ ಕಟ್ಟಿದೆ. ಹಗ್ಗ ಕಟ್ಟಿದ ದಿನ ರತ್ನ ಆಸ್ಪತ್ರೆಯಿಂದ ಬಂದು ನೋಡಿ, ಇದು ಕಟ್ಟಿಹಾಕಿದ ಹಸು ನಿಂತ ಹಾಗಿದೆ, ಓಬಳೇಶನನ್ನು ಕರೆಯೋಣ ಎಂದಳು. ನಾನು ಬೇಡವೆಂದು ರೇಗಿದೆ. ಹಗ್ಗದ ಗಂಟುಗಳಲ್ಲಿ ಇಷ್ಟು ವರ್ಷ ಒಂದು ಅಟ್ಟಣಿಗೆಯೂ ಅಲುಗಾಡದ ಹಾಗೆ ಕಟ್ಟಿದವನು, ಡಬ್ಬದಲ್ಲಿ ಬಂದ ಹಲಗೆಯ ಮುಂದೆ ಸೋಲುವುದೇ? ತಪ್ಪು ನನ್ನದಲ್ಲ ಎಂದಾದರೆ ಇನ್ನಾರದೋ ಆಗಿರಬೇಕು. ನನ್ನ ಕಣ್ಣು ನೆಲದ ಮೇಲೆ ಬಿತ್ತು.

ಒಂದು ದಿನ ಬೆಳಗ್ಗೆ ಹಂಪಮ್ಮ ಮಜ್ಜಿಗೆಯ ಚೊಂಬು ಹಿಡಿದು ಒಳಗೆ ಬಂದರು. ಅವರು ಹೊಸಿಲು ದಾಟುವುದಕ್ಕೂ ಶೆಲ್ಫು ಒಂದು ಕಡೆ ವಾಲುವುದಕ್ಕೂ ಸರಿಹೋಯಿತು. ಉಪ್ಪಿನಕಾಯಿ ಜಾಡಿ ಜಾರಿ ಕರೀ ಬಂಡೆಯ ಮೇಲೆ ಬಿದ್ದು ಚೂರಾಯಿತು. ಅವರು ಚೊಂಬು ಕೆಳಗಿಟ್ಟು, ಎಣ್ಣೆ ಸಂದಿಗಿಳಿಯುವ ಮೊದಲು ಸೆರಗಿನಿಂದಲೇ ಒರೆಸಲು ಕೂತರು. ನನಗೆ ಅವಮಾನವಾಗಿತ್ತು, ಅವಮಾನವಾದಾಗ ನನ್ನ ದನಿ ಏರುತ್ತದೆ.

"ನಿಮ್ ನೆಲಾನೇ ಸಮ ಇಲ್ಲ ಕಣಮ್ಮ. ಈ ಮೂಲೆ ಕಡೆ ವಾಲೈತೆ. ಇಂಥ ನೆಲದ್ ಮ್ಯಾಲೆ ಏನ್ ನಿಲ್ಲುತ್ತೆ, ನೀನೇ ಹೇಳು" ಎಂದೆ.

ಹಂಪಮ್ಮನ ಕೈ ನಿಂತಿತು. ಅವರು ತಲೆ ಎತ್ತಲಿಲ್ಲ. ಒರೆಸಿದ್ದ ಜಾಗವನ್ನೇ ನೋಡುತ್ತಾ, "ಇರಬೋದ್ರಿ. ಹಳೇ ಕೆಲಸ" ಎಂದರು. ಆಮೇಲೆ ಜಾಡಿಯ ಚೂರುಗಳನ್ನು ಆರಿಸಿಕೊಂಡು, ಮಜ್ಜಿಗೆಯನ್ನು ಅಲ್ಲೇ ಬಿಟ್ಟು ಹೋದರು.

ಆ ದಿನ ರತ್ನ ಡ್ಯೂಟಿಗೆ ಹೋದಳು, ನಾನು ಗಂಟು ಸಾಗಿಸಲು ಹೋದೆ. ಸಂಜೆ ಬಂದಾಗ ಶೆಲ್ಫು ನೆಟ್ಟಗೆ ನಿಂತಿತ್ತು. ಹಗ್ಗವಿಲ್ಲ, ರಟ್ಟಿಲ್ಲ. ಕೈಯಿಟ್ಟು ಜಗ್ಗಿದೆ, ಗೋಡೆಯ ಹಾಗೆ ಗಟ್ಟಿ. ಸ್ವಲ್ಪ ಕುಳ್ಳಾದ ಹಾಗೆ ಕಂಡಿತು. ನನ್ನ ಬುದ್ಧಿ ಎಷ್ಟು ಚುರುಕೆಂದರೆ, ನೆಲ ಎತ್ತರಿಸಿದ್ದಾರೆ, ಅದಕ್ಕೇ ಹಾಗೆ ಕಾಣುತ್ತಿದೆ ಎಂದುಕೊಂಡೆ. ಹಂಪಮ್ಮ ಬಾಗಿಲಿಗೆ ಬಂದರು.

"ನೆಲದ್ದ ತಪ್ಪಿತ್ರಿ. ಓಬಳೇಶ ಬಂದು ಸರಿ ಮಾಡಿ ಹೋಗ್ಯಾನ. ಇನ್ನ ಅಲಗಾಡಂಗಿಲ್ಲ ನೋಡ್ರಿ" ಎಂದರು.

ಬಟ್ಟಲುಗಳು ಇರಲಿಲ್ಲ. ರತ್ನ ತೊಳೆಯಲು ತೆಗೆದಿರಬೇಕು ಎಂದು ನಾನು, ನಾನು ತೆಗೆದಿರಬೇಕು ಎಂದು ರತ್ನ, ಇಬ್ಬರೂ ಕೇಳಲಿಲ್ಲ. ನನಗೆ ಅಷ್ಟು ಖುಷಿಯಾಗಿತ್ತು. ನಾನು ಹೇಳಿದ್ದೇ ಸರಿಯಾಯಿತಲ್ಲ! ಮಾರನೆಯ ದಿನ ಗಂಟಿನ ಜತೆ ಈ ಮಾತನ್ನೂ ಜಗಲಿಯಿಂದ ಜಗಲಿಗೆ ಇಳಿಸಿದೆ. ಹಂಪಮ್ಮ ಅಷ್ಟು ಮೆರೆಯುವ ನೆಲ ವಾಲಿತ್ತು, ನಾನು ಬರೀ ಕಣ್ಣಳತೆಯಲ್ಲಿ ಹಿಡಿದೆ, ಅವರ ಮೈದುನನೇ ಬಂದು ತಿದ್ದಿದ ಎಂದು ಹೇಳಿದೆ. ಹೆಂಗಸರು ಕತ್ತರಿ ನಿಲ್ಲಿಸಿ ಕೇಳಿದರು. ಬಂದಾಗಿನಿಂದ ಮೊದಲ ಸಲ ನಾನು ರತ್ನನ ಗಂಡನಲ್ಲದೆ ಇನ್ನೇನೋ ಆಗಿದ್ದೆ. ಬಿಟ್ಟಿದ್ದ ಹೋಟೆಲಿಗೂ ಹೋಗಿ, ಅಲ್ಲೂ ಹೇಳಿ ಚಹಾ ಕುಡಿದು ಬಂದೆ.

ಸ್ವಲ್ಪ ದಿನದ ಮೇಲೆ ಬೀದಿಯ ನಡುವಿನ ಮನೆಯ ಶಾಂತಮ್ಮ, ನಾನು ಗಂಟು ಇಳಿಸುವಾಗ, ನೀವು ಹೇಳಿದ್ದು ಒಳ್ಳೇದಾತು ಎಂದರು. ಅವರ ಜಗಲಿಗೆ ಬಂಡ ಹಾಸುವ ಕೆಲಸವನ್ನು ಓಬಳೇಶನಿಗೆ ಒಪ್ಪಿಸಿದ್ದರಂತೆ. ಅತ್ತಿಗೆಯ ಮನೆಯ ನೆಲವನ್ನೇ ನೆಟ್ಟಗೆ ಹಾಕದವನು ನಮ್ಮದನ್ನೇನು ಹಾಕುತ್ತಾನೆ ಎಂದು ಬೇಡವೆಂದುಬಿಟ್ಟರಂತೆ. ನಾನು ಸುಮ್ಮನೆ ತಲೆಯಾಡಿಸಿದೆ. ಆ ಹೊತ್ತಿಗೆ ನನಗೆ ಅನ್ನಿಸಿದ್ದು ಹೆಮ್ಮೆ ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ, ಆದರೆ ಅನ್ನಿಸಿದ್ದು ಅದೇ.

ಅದೇ ವಾರ ಬೆಲ್ಲಕ್ಕೆ ಇರುವೆ ಮತ್ತೆ ಬಂದವು. ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇದ್ದೆ. ಬಟ್ಟಲು ಹುಡುಕಿದೆ, ಎಲ್ಲೂ ಇಲ್ಲ. ಹಿತ್ತಿಲಿಗೆ ಹೋದರೆ ಹಂಪಮ್ಮನ ಕೋಳಿಗಳು ಅವುಗಳಲ್ಲೇ ನೀರು ಕುಡಿಯುತ್ತಿದ್ದವು. ಪಕ್ಕದ ತಿಪ್ಪೆಯ ಅಂಚಿನಲ್ಲಿ ನಾಲ್ಕು ತುಂಡು ಬಿದ್ದಿದ್ದವು. ಹೊರಗೆ ಮರದ ಬಣ್ಣದ ಹೊಳೆಯುವ ಹಾಳೆ, ಒಳಗೆ ನೆನೆದು ಉಬ್ಬಿ ಒಣಗಿದ ಹಿಟ್ಟು. ಬೆರಳಿನಿಂದ ಒತ್ತಿದೆ, ಹಳೇ ಕಡಲೆಹಿಂಡಿಯ ಹಾಗೆ ಉದುರಿತು. ಅವು ನನ್ನ ಶೆಲ್ಫಿನ ಕಾಲುಗಳ ತುದಿಗಳು. ಬಿದಿರು ನೀರಲ್ಲಿ ನಿಂತು ನಿಂತು ಗಟ್ಟಿಯಾಗುವುದನ್ನು ನೋಡಿದವನು ನಾನು. ಇದು ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ದಿನಾ ಬೆಳಗ್ಗೆ ನಾನೇ ನೀರೆರೆದು ಅದರ ಕಾಲು ಕೊಳೆಸಿದ್ದೆ.

ಒಳಗೆ ಬಂದು ನೆಲಕ್ಕೆ ಕೂತೆ. ಶೆಲ್ಫಿನ ಕಾಲುಗಳ ಕೆಳಗೆ ಗರಗಸದ ಹೊಸ ಗುರುತು, ಅದರ ಮೇಲೆ ತೆಳ್ಳಗೆ ಬಣ್ಣ. ಬೆಂಕಿಪೊಟ್ಟಣ ತೆರೆದೆ, ಖಾಲಿ. ನಾನು ಉಳಿಸಿದ್ದ ಸ್ಕ್ರೂಗಳೆಲ್ಲ ಅವುಗಳ ಜಾಗದಲ್ಲಿದ್ದವು. ಕೊನೆಗೆ ನೆಲ ನೋಡಿದೆ. ಬಂಡೆಗಳ ಸಂದಿನ ಸಿಮೆಂಟು ಹಳೆಯದು, ನಾವು ಬರುವ ಮೊದಲೇ ಬಿದ್ದಿದ್ದ ಕುಂಕುಮದ ಕಲೆ ಅದರಲ್ಲಿ ಹಾಗೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಚೊಂಬಿನಿಂದ ಒಂದಿಷ್ಟು ನೀರು ಸುರಿದೆ. ಅದು ಯಾವ ಕಡೆಗೂ ಹರಿಯಲಿಲ್ಲ, ಸುತ್ತಲೂ ಸಮವಾಗಿ ಹರಡಿ ನಿಂತಿತು. ಅಷ್ಟು ದಿನ ನಾಲ್ಕು ಬಟ್ಟಲುಗಳಲ್ಲಿ ನೀರು ಅಂಚಿಗೆ ಸರಿಯಾಗಿ ನಿಂತದ್ದನ್ನು ನಾನೇ ತುಂಬಿ, ನಾನೇ ನೋಡಿದ್ದೆ. ಆ ನೆಲ ಸಮವಾಗಿದೆ ಎಂದು ದಿನಾ ನನ್ನ ಕಣ್ಣೆದುರೇ ಇತ್ತು.

ಹಂಪಮ್ಮನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನೆಲದ್ದ ತಪ್ಪಿತ್ರಿ ಎಂದಿದ್ದರು. ಗಂಡ ಮಂಡಿಯೂರಿ ಹಾಕಿದ ನೆಲವನ್ನು, ನನ್ನಂಥವನ ಮುಖ ಉಳಿಸಲು, ವಾಲಿತ್ತು ಎಂದು ಅವರ ಬಾಯಲ್ಲೇ ಹೇಳಿದ್ದರು. ಮುಂದಿನ ಕೋಣೆಯಲ್ಲಿ ಅವರ ಕತ್ತರಿಯ ಸದ್ದು ಕೇಳುತ್ತಿತ್ತು. ಎದ್ದು ಹೋಗಲು ಆಗಲಿಲ್ಲ. ಸುರಿದ ನೀರನ್ನು ಒರೆಸಿದೆ, ಒಣಗಿದ ಮೇಲೂ ಒರೆಸುತ್ತಲೇ ಇದ್ದೆ.

ರತ್ನ ಬಂದ ಮೇಲೆ ತಿಪ್ಪೆಯ ತುಂಡು ತೋರಿಸಿದೆ. ಅವಳಿಗೆ ಮೊದಲು ನಗು ಬಂತು, ನಾವಿಬ್ಬರೂ ಸೇರಿ ಶೆಲ್ಫನ್ನೂ ಹುಳದ ಹಾಗೆ ಸಾಕಿದೆವಲ್ಲ ಎಂದಳು. ಶಾಂತಮ್ಮನ ಜಗಲಿಯ ವಿಷಯ ಹೇಳಿದಾಗ ನಗು ನಿಂತಿತು. ನೀರು ನಾನೂ ಹಾಕಿದ್ದೇನೆ, ಅದರಲ್ಲಿ ನನಗೂ ಪಾಲಿದೆ, ಆದರೆ ಬೀದಿಯಲ್ಲಿ ಸಾರಿದ್ದು ನೀವೊಬ್ಬರೇ ಎಂದಳು.

ಮಾರನೆಯ ಬೆಳಗ್ಗೆ ಹಂಪಮ್ಮನ ಎದುರು ಹೋಗಿ ನಿಂತೆ. ಅವರು ತೊಡೆಯ ಮೇಲೆ ಪ್ಯಾಂಟು ಹರಡಿಕೊಂಡಿದ್ದರು. ತಿಪ್ಪೆಯ ತುಂಡನ್ನು ಅವರ ಮುಂದಿಟ್ಟೆ. ಅವರು ಅದನ್ನು ನೋಡಿದರು, ಕಳವು ಮಾಡಿ ಸಿಕ್ಕಿಬಿದ್ದವರ ಹಾಗೆ ನಾಚಿದ್ದು ಅವರೇ.

"ನೆಲ ಸರಿಯಾಗೇ ಇತ್ತಲ್ಲಮ್ಮ. ಯಾಕೆ ಹಂಗೆ ಹೇಳಿದ್ರಿ?" ಎಂದೆ. ಅವರಿಗೆ ನಾನು ರಿ ಹಚ್ಚಿದ್ದು ಅದೇ ಮೊದಲು, ಹಚ್ಚಿದ್ದು ನನಗೂ ಆಮೇಲೆ ತಿಳಿಯಿತು.

"ನಮ್ಮ ಮನಿಯವರು ಹೋಗ್ಯಾರ್ರಿ, ನೀವು ಇದ್ದೀರಿ" ಎಂದರು ಹಂಪಮ್ಮ. "ಹೊಸಾ ಊರು. ಹೇಣ್ತಿ ಮುಂದ ನೀವು ಸಣ್ಣೋರು ಆಗಬಾರದು ಅನಿಸ್ತು. ನೆಲಕ್ಕೇನ್ರಿ, ನೆಲಕ್ಕ ನಾಚಿಕಿ ಆಗಂಗಿಲ್ಲ."

ಬಟ್ಟಲು ನೋಡಿದ ದಿನವೇ ಯಾಕೆ ಕೇಳಲಿಲ್ಲ ಎಂದೆ. ಅದು ನಮ್ಮ ಕಡೆಯ ಪದ್ಧತಿಯೋ, ದೇವರ ಹರಕೆಯೋ ಇರಬೇಕು ಎಂದುಕೊಂಡಿದ್ದರಂತೆ. ಹೊಸದಾಗಿ ಬಂದವರ ಮನೆಯಲ್ಲಿ ಅಂಥದನ್ನು ಕೇಳಿ ನೋಯಿಸಬಾರದೆಂದು ಸುಮ್ಮನಾದರಂತೆ. ಅವರು ಒಂದು ಮಾತು ಕೇಳಿದ್ದರೆ, ನಾನು ಒಂದು ಸಲ ಬಗ್ಗಿ ಅವರ ನೆಲ ಮುಟ್ಟಿದ್ದರೆ, ಇದೇನೂ ಆಗುತ್ತಿರಲಿಲ್ಲ.

ಆಮೇಲೆ ಉಳಿದದ್ದನ್ನೂ ಹೇಳಿದೆ. ಬೀದಿಯಲ್ಲೆಲ್ಲ ಹೇಳಿಕೊಂಡು ಬಂದದ್ದು, ಹೋಟೆಲಿನಲ್ಲಿ ಹೇಳಿದ್ದು, ಶಾಂತಮ್ಮ ಓಬಳೇಶನನ್ನು ಬೇಡವೆಂದದ್ದು. ಇದು ಅವರಿಗೆ ಗೊತ್ತಿರಲಿಲ್ಲ. ಶಾಂತಮ್ಮ ಕೆಲಸ ತಪ್ಪಿಸಿದ್ದು ಯಾಕೆಂದು ಓಬಳೇಶ ಅತ್ತಿಗೆಗೆ ಹೇಳಿರಲಿಲ್ಲ. ಹಂಪಮ್ಮ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು.

"ನಾ ಹೇಳಿದ್ದು ಮನಿಯೊಳಗಿನ ಮಾತ್ರಿ" ಎಂದರು. "ಒಳಗ ಇರ್ತೈತಿ ಅನ್ಕಂಡಿದ್ದೆ." ಅಷ್ಟು ಹೇಳಿ ಎದ್ದು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಆದರೆ ನಾನು ಒಳಗೆ ಹೋಗುವ ಹಾಗೂ ಇರಲಿಲ್ಲ.

ಆ ದಿನ ಗಂಟು ತುಂಬಿಕೊಂಡು ಹೊರಟಾಗ ಗಾಡಿಯನ್ನು ಯೂನಿಟ್ಟಿಗೇ ತಿರುಗಿಸಿ ಬಿಟ್ಟು, ಸಂಜೆಯ ಬಸ್ಸಿಗೆ ಅಗಳಿಗೆ ಹೋಗಿಬಿಡೋಣ ಅನ್ನಿಸಿತು. ನನ್ನ ಹೆಸರು ಗೊತ್ತಿರುವ ಊರದು. ಆದರೆ ಇಲ್ಲಿ ಇನ್ನೊಬ್ಬನ ಹೆಸರು ಕೆಡಿಸಿ ಅಲ್ಲಿ ನನ್ನ ಹೆಸರಿನಡಿ ಕೂರಲು ಮನಸ್ಸು ಒಪ್ಪಲಿಲ್ಲ. ಮೊದಲು ಶಾಂತಮ್ಮನ ಜಗಲಿಯ ಮುಂದೆ ಗಾಡಿ ನಿಲ್ಲಿಸಿದೆ. ಅಲ್ಲಿ ಅಕ್ಕಪಕ್ಕದ ಹೆಂಗಸರೂ ಇದ್ದರು. ಹಂಪಮ್ಮನ ನೆಲ ವಾಲಿರಲಿಲ್ಲ, ನಾನು ಶೆಲ್ಫಿನ ಕಾಲನ್ನು ನೀರಲ್ಲಿಟ್ಟು ಕೊಳೆಸಿದ್ದೆ, ಓಬಳೇಶ ಮುಟ್ಟಿದ್ದು ನೆಲವನ್ನಲ್ಲ, ನನ್ನ ಶೆಲ್ಫನ್ನು ಎಂದೆ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ನೀರಲ್ಲಿ ಯಾಕಿಟ್ಟಿರಿ ಎಂದು ಒಬ್ಬರು ಕೇಳಿದರು. ಹುಳ, ಇರುವೆ, ಬಟ್ಟಲು ಎಲ್ಲ ಬಿಡಿಸಿ ಹೇಳಬೇಕಾಯಿತು. ಹೇಳುತ್ತಿದ್ದಂತೆ ಒಬ್ಬರು ಬಾಯಿಗೆ ಸೆರಗಿಟ್ಟುಕೊಂಡರು, ಆಮೇಲೆ ಜಗಲಿಗೆ ಜಗಲಿಯೇ ನಕ್ಕಿತು.

ಮುಂದಿನ ಜಗಲಿಯಲ್ಲೂ ಹೇಳಿದೆ, ಅದರ ಮುಂದಿನದರಲ್ಲೂ. ಹೋಟೆಲಿನಲ್ಲಿ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಇಲ್ಲಟಂ ಎಂದಿದ್ದವರು ಈ ಸಲ ನಗಲಿಲ್ಲ, ಕೂಡ್ರಿ ಎಂದು ಬೆಂಚಿನಲ್ಲಿ ಜಾಗ ಮಾಡಿದರು. ಸಂಜೆ ಗಂಟು ಎತ್ತಲು ಹೋಗುವಷ್ಟರಲ್ಲಿ ಮಾತು ನನಗಿಂತ ಮುಂದೆ ಓಡಿತ್ತು. ಶಾಂತಮ್ಮ ಒಂದು ಬಟ್ಟಲು ನೀರು ತಂದು ನನ್ನ ಗಾಡಿಯ ಚಕ್ರದ ಹತ್ತಿರ ಇಟ್ಟು, "ಇರುವಿ ಹತ್ತ್ಯಾವ್ರಿ ರಂಗಪ್ಪಾರ, ಹಿಂಗ ಇಡ್ಲೇನು?" ಎಂದರು. ಇವತ್ತಿಗೂ ಆ ಬೀದಿಯಲ್ಲಿ ಅದೇ ತಮಾಷೆ. ಪ್ರತಿ ಸಲವೂ ಕಿವಿ ಬಿಸಿಯಾಗುತ್ತದೆ, ಪ್ರತಿ ಸಲವೂ ನಿಂತು ಕೇಳಿಸಿಕೊಳ್ಳುತ್ತೇನೆ.

ಶಾಂತಮ್ಮನ ಜಗಲಿಗೆ ಕೊನೆಗೆ ಓಬಳೇಶನೇ ಬಂಡ ಹಾಸಿದ. ಯಾರೂ ಕರೆಯದಿದ್ದರೂ ನಾನು ಹೋಗಿ ಮರಳು ಹೊತ್ತೆ. ಅವನು ಬೇಡ ಎನ್ನಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಬುತ್ತಿಯ ರೊಟ್ಟಿಯಲ್ಲಿ ಒಂದನ್ನು ಮುರಿದು ನನ್ನ ಕಡೆ ಸರಿಸಿದ. ಹಂಪಮ್ಮ ಮೊದಲಿನ ಹಾಗೆ ಮಜ್ಜಿಗೆ ತರುವುದಕ್ಕೆ ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಒಂದು ದಿನ ತಂದರು. ನಾನು ಅವರ ಮುಂದೆ ಬ‌ಗ್ಗಿ, ಎರಡು ಬಂಡೆಗಳ ನಡುವೆ ಉಗುರು ಎಳೆದು ನೋಡಿದೆ. ತಾಕಲಿಲ್ಲ. ಅವರು ನೋಡಿಯೂ ನೋಡದ ಹಾಗೆ ಚೊಂಬು ಇಟ್ಟು ಹೋದರು.

ಹೋದ ಬೆಳೆಗೆ ಊರಿಗೆ ಹೋಗಿದ್ದೆ. ಹುಳ ಕೊನೆಯ ಪೊರೆ ಬಿಟ್ಟು ಎದ್ದಿದ್ದವು. ಆ ಹೊತ್ತಿನಲ್ಲಿ ಎಷ್ಟು ಸೊಪ್ಪು ಹಾಕಿದರೂ ಸಾಲದು, ಜುಂಜಣ್ಣ ಒಬ್ಬನ ಕೈಲಾಗದು. ಬೆಳಗ್ಗೆ ಎದ್ದವನು ಯಾರೂ ಹೇಳದೆ ಚೊಂಬು ಹಿಡಿದು ಅಟ್ಟಣಿಗೆಯ ಬಟ್ಟಲುಗಳಿಗೆ ನೀರು ಹಾಕಲು ಹೋದೆ. ಮೂಲೆಯ ಬಟ್ಟಲ ಮುಂದೆ ಕೈ ನಿಂತಿತು. ನೀರು ಒಂದು ಕಡೆ ಅಂಚು ಮುಟ್ಟಿತ್ತು, ಇನ್ನೊಂದು ಕಡೆ ಒಂದು ಬೆರಳು ಕೆಳಗಿತ್ತು. ಪಕ್ಕದ ಬಟ್ಟಲಲ್ಲೂ ಹಾಗೇ. ಇಷ್ಟು ವರ್ಷ ಈ ನೆಲದ ಮೇಲೆ ಓಡಾಡಿದ್ದೇನೆ, ಕಂಡಿರಲಿಲ್ಲ. ಬಿದಿರು ಹಗ್ಗ ಎಲ್ಲವನ್ನೂ ಸಹಿಸಿಕೊಂಡು ನಿಂತಿದ್ದವು, ಅಷ್ಟೆ.

ಈ ನೆಲ ವಾಲಿದೆಯಲ್ಲೋ ಎಂದೆ. ಜುಂಜಣ್ಣ ಸೊಪ್ಪು ಹರಡುತ್ತಾ ತಿರುಗಿಯೂ ನೋಡಲಿಲ್ಲ.

"ಅದು ಮೊದ್ಲಿಂದ್ಲೂ ಹಂಗೇ ಐತೆ. ನೀನೇ ಅಲ್ವೇನಣ್ಣ ಗಾರೆ ಹಾಕಿದ್ದು."

"ನಮ್ಮನೇಲಿ ಹಿಂಗಿಲ್ಲ ಕಣ್ರಿ" ಎಂದುಬಿಟ್ಟೆ.

ಜುಂಜಣ್ಣ ಈಗ ತಿರುಗಿದ. ಅಣ್ಣ ತನಗೆ ರಿ ಹಚ್ಚಿದನಲ್ಲ ಎಂದು ನಗಬೇಕೋ ಬೇಡವೋ ಎಂಬಂತೆ ನನ್ನನ್ನೇ ನೋಡಿದ.

"ಇದ್ಯಾರ ಮನೆ ಮತ್ತೆ?" ಎಂದ.

ಕೂತು ಬಟ್ಟಲಿಗೆ ನೀರು ಬಗ್ಗಿಸಿದೆ. ಆ ಕಡೆ ತುಂಬುವ ಮೊದಲೇ ಈ ಕಡೆಯಿಂದ ಚೆಲ್ಲಿ, ನಾನು ಹಾಕಿದ ನೆಲದ ಮೇಲೆ ಮೂಲೆಗೆ ಹರಿಯಿತು.